ಚಿಪ್ಸ್ ಕಟ್ಟುವ ರೀತಿ ನೋಡಿ ಎದುರಾಳಿಯನ್ನು ಅಳೆಯುವುದು: ಆನ್‌ಲೈನ್ ಪೋಕರ್‌ನ ಸಣ್ಣ ಟೇಬಲ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಗೆಳೆಯರ ಗುಂಪು ಕಟ್ಟಿಕೊಂಡು ಮೊಬೈಲ್‌ನಲ್ಲಿ ಪುಕ್ಕಟೆ ಚಿಪ್ಸ್‌ನ ಪೋಕರ್ ಆಡುವವರು ಕೇಳುವ ಪ್ರಶ್ನೆಗಳಿವು. ಇಲ್ಲಿ ಪೋಕರ್ ಅಂದರೆ ಟೆಕ್ಸಸ್ ಹೋಲ್ಡೆಮ್: ಕೈಯಲ್ಲಿ ಎರಡು ಎಲೆ, ನಡುವೆ ಬೋರ್ಡ್‌ನಲ್ಲಿ ಐದು ಎಲೆ (ಮೊದಲ ಮೂರು ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್), ನಾಲ್ಕು ಸುತ್ತು ಬೆಟ್. ನಿಯಮ ಗೊತ್ತಿದೆ ಎಂದುಕೊಂಡೇ ಬರೆದಿದ್ದೇವೆ.

ಇದನ್ನ ಓದಿ ರೊಕ್ಕದ ಆಟಕ್ಕ ಕೂಡಬಹುದೇನ್ರಿ?

ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು, ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸುತ್ತದೆ. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಹಳೆಯ ವಾದಕ್ಕೆ ಅದರಲ್ಲಿ ಜಾಗವಿಲ್ಲ. ಅಂಥ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ 2 ವರ್ಷ, 50 ಲಕ್ಷದವರೆಗೆ. ಹಣ ಸಾಗಿಸಿಕೊಟ್ಟವರಿಗೂ ಶಿಕ್ಷೆಯಿದೆ. ಹೊರದೇಶದ ಆ್ಯಪ್‌ನಲ್ಲಿ ಆಡಿ ಅವರು ನಿಮ್ಮ ರೊಕ್ಕ ನುಂಗಿದರೆ ವಾಪಸ್ ಪಡೆಯುವುದು ಬಹಳ ಕಷ್ಟ.

ಹಣ ಹಾಕದೆ, ಹಣ ತೆಗೆಯದೆ ಚಿಪ್ಸ್‌ಗಾಗಿ ಆಡುವುದು ಬೇರೆ ಮಾತು. ಈ ಪುಟದಲ್ಲಿರುವುದು ಅಷ್ಟಕ್ಕೆ ಮಾತ್ರ.

ಪುಕ್ಕಟೆ ಚಿಪ್ಸ್‌ನಾಗ ಎಲ್ಲಾರೂ ಹುಚ್ಚುಹುಚ್ಚಾಗೇ ಆಡ್ತಾರ. ಓದ್ಲಿಕ್ಕೆ ಏನೈತಿ?

ಓದಲು ಸಿಗುವುದೇ ಅಲ್ಲಿ. ದೊಡ್ಡ ಟೇಬಲ್‌ನ ಪಳಗಿದವರು ಒಳ್ಳೆಯ ಎಲೆಗೂ ಬ್ಲಫ್‌ಗೂ (ಎಲೆ ಇಲ್ಲದೆ ಇದೆ ಎಂದು ನಂಬಿಸಲು ಕಟ್ಟುವುದು) ಒಂದೇ ಗಾತ್ರದ ಬೆಟ್ ಕಟ್ಟುತ್ತಾರೆ, ಎದುರಿನವನಿಗೆ ಸುಳಿವೇ ಸಿಗದಂತೆ. ಸಣ್ಣ ಟೇಬಲ್‌ನವರಿಗೆ ಆ ಅಭ್ಯಾಸವಿಲ್ಲ. ಎಲೆ ಚೆನ್ನಾಗಿದ್ದರೆ ಹೆಚ್ಚು ಕಟ್ಟುತ್ತಾರೆ, ಸಂಶಯವಿದ್ದರೆ ಕಡಿಮೆ, ಏನೂ ಇಲ್ಲದಿದ್ದರೆ ಚೆಕ್, ಅಂದರೆ ಚಿಪ್ಸ್ ಕಟ್ಟದೆ ಸರದಿ ದಾಟಿಸುವುದು. ಅವರ ಚಿಪ್ಸೇ ಬಾಯಿಬಿಟ್ಟು ಹೇಳುತ್ತಿರುತ್ತದೆ. ನಾವು ಕೇಳಿಸಿಕೊಳ್ಳುವುದಿಲ್ಲ, ಯಾಕೆಂದರೆ ಆ ಹೊತ್ತಿಗೆ ನಮ್ಮ ಕಣ್ಣು ನಮ್ಮ ಎರಡು ಎಲೆಯ ಮೇಲಿರುತ್ತದೆ.

ಒಂದು ತೊಡಕು ಇದೆ. ಚಿಪ್ಸ್ ಮುಗಿದರೆ ನಾಳೆ ಆ್ಯಪೇ ಮತ್ತೆ ಕೊಡುತ್ತದೆ. ಹಾಗಾಗಿ ತಳ ಸೇರಿದ ಚಿಪ್ಸ್ ಇಟ್ಟುಕೊಂಡವನು ‘ಹೋದರೆ ಹೋಗಲಿ’ ಎಂದು ಆಲ್-ಇನ್ ಒತ್ತುತ್ತಾನೆ, ಅಂದರೆ ಇರುವಷ್ಟೂ ಚಿಪ್ಸ್ ಹಾಕಿಬಿಡುತ್ತಾನೆ. ಯಾರ ಬಳಿ 20 ಬಿಗ್ ಬ್ಲೈಂಡ್‌ಗಿಂತ (ಎಲೆ ನೋಡುವ ಮುಂಚೆಯೇ ಇಬ್ಬರು ಕಟ್ಟಲೇಬೇಕಾದ ಎರಡು ಬ್ಲೈಂಡ್‌ಗಳಲ್ಲಿ ದೊಡ್ಡದು) ಕಡಿಮೆ ಉಳಿದಿದೆಯೋ ಅವರ ಬೆಟ್ ಗಾತ್ರಕ್ಕೆ ಹೆಚ್ಚು ಅರ್ಥ ಹಚ್ಚಬೇಡಿ.

ತೀನ್ ಪತ್ತಿ ಆಡಿದ ಅನುಭವ ಉಪಯೋಗಕ್ಕೆ ಬರುತ್ತದೆಯೇ?

ಬರುತ್ತದೆ, ಮುಖ್ಯವಾಗಿ ಎದುರಿಗಿರುವವನೂ ತೀನ್ ಪತ್ತಿಯಿಂದಲೇ ಬಂದಿದ್ದಾನೆ ಎಂದು ಗುರುತಿಸಲು. ನಮ್ಮ ಕಡೆ ಪೋಕರ್ ಕಲಿಯುವವರಲ್ಲಿ ಹೆಚ್ಚಿನವರು ಜಾತ್ರೆಗೋ ದೀಪಾವಳಿಗೋ ಮೂರೆಲೆ ಆಡಿದವರೇ. ಆ ಆಟದ ಮೂರು ಚಟ ಪೋಕರ್‌ಗೂ ಹಾಗೇ ಬರುತ್ತವೆ.

ಮೊದಲನೆಯದು ದುಪ್ಪಟ್ಟಿನ ಚಟ. ತೀನ್ ಪತ್ತಿಯಲ್ಲಿ ಚಾಲ್ ಅಂದರೆ ಈಗಿರುವಷ್ಟು ಅಥವಾ ಅದರ ಎರಡರಷ್ಟು. ಪಾಟ್‌ನಲ್ಲಿ, ಅಂದರೆ ಎಲ್ಲರೂ ಕಟ್ಟಿ ನಡುವೆ ಸೇರಿದ್ದರಲ್ಲಿ, ಎಷ್ಟಿದೆ ಎಂಬುದಕ್ಕೂ ಚಾಲ್‌ಗೂ ಸಂಬಂಧವಿಲ್ಲ. ಹೀಗೆ ಬಂದವನು ನೀವು 600 ಕಟ್ಟಿದರೆ 1200 ಮಾಡುತ್ತಾನೆ, ಪಾಟ್‌ನಲ್ಲಿ 5000 ಬಿದ್ದಿದ್ದರೂ ಅಷ್ಟೇ. ಇಷ್ಟು ಸಣ್ಣ ರೇಸ್ (ಬೆಟ್ ಏರಿಸುವುದು) ಬ್ಲಫ್ ಇರಬೇಕು ಎಂದು ಹೊಸಬರು ಅಂದುಕೊಳ್ಳುತ್ತಾರೆ. ಬಹುತೇಕ ಅಲ್ಲ. ಟರ್ನ್ ಅಥವಾ ರಿವರ್‌ನಲ್ಲಿ ಬರುವ ಈ ದುಪ್ಪಟ್ಟು ರೇಸ್ ಸಣ್ಣ ಟೇಬಲ್‌ನಲ್ಲಿ ಎರಡು ಜೋಡಿ ಅಥವಾ ಅದಕ್ಕಿಂತ ಮೇಲಿನದೇ ಆಗಿರುತ್ತದೆ.

ಎರಡನೆಯದು ‘ಶೋ’ದ ಚಟ. ದುಡ್ಡು ಕೊಟ್ಟು ಎಲೆ ನೋಡುವ ಅಭ್ಯಾಸ. ಕೈಯಲ್ಲಿ ಎಂಟರ ಜೋಡಿ ಇಟ್ಟುಕೊಂಡು ಕೊನೆಯವರೆಗೆ ಕಾಲ್ ಮಾಡುತ್ತಾರೆ (ಎದುರಿನವನು ಕಟ್ಟಿದಷ್ಟೇ ಹಾಕುತ್ತಾರೆ), ಗೆಲ್ಲಲು ಅಲ್ಲ, ನೋಡಲು. ಇಂಥವರಿಗೆ ಬ್ಲಫ್ ಮಾಡುವುದು ಚಿಪ್ಸ್ ಚೆಲ್ಲಿದಂತೆ.

ಮೂರನೆಯದು ಕೇಳಿದರೆ ನಗು ಬರುತ್ತದೆ, ಆದರೆ ದೊಡ್ಡ ಪಾಟ್‌ಗಳು ಹೋಗುವುದು ಇಲ್ಲೇ. ತೀನ್ ಪತ್ತಿಯಲ್ಲಿ ಸೀಕ್ವೆನ್ಸ್ (ಒಂದರ ಹಿಂದೊಂದು ಬರುವ ಎಲೆ) ಕಲರ್‌ಗಿಂತ (ಎಲ್ಲವೂ ಒಂದೇ ಜಾತಿಯ ಎಲೆ) ದೊಡ್ಡದು. ಪೋಕರ್‌ನಲ್ಲಿ ಉಲ್ಟಾ: ಕಲರ್, ಅಂದರೆ ಫ್ಲಶ್, ಸೀಕ್ವೆನ್ಸ್‌ಗಿಂತ, ಅಂದರೆ ಸ್ಟ್ರೇಟ್‌ಗಿಂತ, ದೊಡ್ಡದು. ಕಾರಣ ಲೆಕ್ಕದಲ್ಲಿದೆ. 52 ಎಲೆಯಿಂದ ಮೂರು ತೆಗೆದರೆ 22,100 ಕೂಟಗಳು. ಅದರಲ್ಲಿ ಸೀಕ್ವೆನ್ಸ್ 720, ಕಲರ್ 1096. ಅಪರೂಪದ್ದೇ ದೊಡ್ಡದು, ಹಾಗಾಗಿ ಸೀಕ್ವೆನ್ಸ್ ಮೇಲೆ. ಐದು ಎಲೆ ತೆಗೆದರೆ ಸ್ಟ್ರೇಟ್ 10,200, ಫ್ಲಶ್ 5108. ಅಲ್ಲಿ ಫ್ಲಶ್ ಅಪರೂಪ. ಇದು ಗೊತ್ತಿಲ್ಲದವನು ಬೋರ್ಡ್‌ನಲ್ಲಿ ಒಂದೇ ಜಾತಿಯ ಮೂರು ಎಲೆ ಬಿದ್ದಿದ್ದರೂ ತನ್ನ ಸ್ಟ್ರೇಟ್ ಹಿಡಿದು ರಾಜನಂತೆ ರೇಸ್ ಮಾಡುತ್ತಾನೆ. ಶೋಡೌನ್‌ನಲ್ಲಿ, ಅಂದರೆ ಕೊನೆಗೆ ಎಲೆ ತೆರೆದಾಗ, ಒಮ್ಮೆ ಹಾಗೆ ಸೋತವನ ಹೆಸರಿನ ಮುಂದೆ ಗುರುತು ಹಾಕಿಕೊಳ್ಳಿ. ಅವನು ಒಂದೇ ಸಲಕ್ಕೆ ಕಲಿಯುವುದಿಲ್ಲ.

ಹೊಸ ಟೇಬಲ್‌ಗೆ ಕುಳಿತಾಗ ಮೊದಲು ಏನು ನೋಡಬೇಕು?

ಎರಡೇ ವಿಷಯ: ಎಷ್ಟು ಆಟಕ್ಕೆ ಒಳಗೆ ಬರುತ್ತಾನೆ, ಹೇಗೆ ಒಳಗೆ ಬರುತ್ತಾನೆ.

ಬಿಗ್ ಬ್ಲೈಂಡ್‌ನಲ್ಲಿ ಸುಮ್ಮನೆ ಚೆಕ್ ಮಾಡಿದ್ದನ್ನು ಬಿಟ್ಟು, ಫ್ಲಾಪ್‌ಗೆ ಮುಂಚೆ ತಾನಾಗಿ ಚಿಪ್ಸ್ ಹಾಕಿದ ಆಟಗಳ ಪಾಲಿಗೆ ವಿಪಿಐಪಿ ಎನ್ನುತ್ತಾರೆ. ರೇಸ್ ಮಾಡಿ ಬಂದ ಪಾಲಿಗೆ ಪಿಎಫ್‌ಆರ್. ಆರು ಜನರ ಟೇಬಲ್‌ನಲ್ಲಿ ಸಂಯಮದಿಂದ ಆಡುವವನ ವಿಪಿಐಪಿ ಶೇ 20ರಿಂದ 25ರ ಆಸುಪಾಸು, ಪಿಎಫ್‌ಆರ್ ಅದಕ್ಕಿಂತ ನಾಲ್ಕೈದು ಕಡಿಮೆ. ಇವೆರಡರ ನಡುವಿನ ಅಂತರದಲ್ಲೇ ಅರ್ಧ ಕಥೆ ಸಿಗುತ್ತದೆ. ವಿಪಿಐಪಿ 50, ಪಿಎಫ್‌ಆರ್ 4 ಇದ್ದರೆ, ಎಲ್ಲದಕ್ಕೂ ಕಾಲ್ ಮಾಡುವ, ರೇಸ್ ಮಾಡಿದರೆ ಮಾತ್ರ ನಿಜವಾಗಿ ಎಲೆ ಇರುವ ಆಸಾಮಿ. ಅವನು ರೇಸ್ ಮಾಡಿದಾಗ ಮರ್ಯಾದೆಯಿಂದ ಎಲೆ ಬಿಡಿ. ವಿಪಿಐಪಿ 50, ಪಿಎಫ್‌ಆರ್ 40 ಇದ್ದರೆ ಅವನ ರೇಸ್‌ಗೆ ಬೆಲೆಯೇ ಇಲ್ಲ.

ಇದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ. ನೀವು ಎಲೆ ಬಿಟ್ಟು ಖಾಲಿ ಕುಳಿತ ಆಟಗಳಲ್ಲಿ ಇಬ್ಬರನ್ನು ಆರಿಸಿಕೊಂಡು ಕಾಗದದ ಮೇಲೆ ಗೀಟು ಹಾಕಿ. ಐವರನ್ನೂ ಒಟ್ಟಿಗೆ ನೋಡಲು ಹೋದರೆ ಯಾರನ್ನೂ ನೋಡಿದಂತಾಗುವುದಿಲ್ಲ.

ಎಷ್ಟು ಆಟ ನೋಡಿದರೆ ನಂಬಬಹುದು?

ಕಲಬುರಗಿಯಲ್ಲಿ ತೊಗರಿ ಕೊಳ್ಳುವವರು ಚೀಲದ ಬಾಯಲ್ಲಿರುವ ಮುಷ್ಟಿ ಕಾಳು ನೋಡಿ ದರ ಕೂಗುವುದಿಲ್ಲ, ಒಳಗಿನಿಂದಲೂ ತೆಗೆದು ನೋಡುತ್ತಾರೆ. ಇಲ್ಲೂ ಅದೇ ಲೆಕ್ಕ. 30 ಆಟದಲ್ಲಿ 12 ಸಲ ಒಳಗೆ ಬಂದವನು ಶೇ 40ರವನು ಎಂದು ಕಾಣುತ್ತದೆ. ಆದರೆ 30 ಆಟದಲ್ಲಿ ಅದೃಷ್ಟದ ಏರಿಳಿತವೇ ಆಚೀಚೆ 18ರಷ್ಟಿರುತ್ತದೆ. ಅವನ ನಿಜವಾದ ಪಾಲು 22 ಇರಬಹುದು, 58 ಇರಬಹುದು. 100 ಆಟಕ್ಕೆ ಈ ಏರಿಳಿತ ಆಚೀಚೆ 10ಕ್ಕೆ ಇಳಿಯುತ್ತದೆ.

ಅಂದರೆ 30 ಆಟಕ್ಕೆ ‘ಬಿಗಿ’, ‘ಸಡಿಲ’ ಎಂದು ಎರಡು ಗುಂಪು ಮಾಡಬಹುದು, ಅದಕ್ಕಿಂತ ನುಣುಪಾಗಿ ಹೇಳಲಾಗದು. ಅಪರೂಪಕ್ಕೆ ನಡೆಯುವ ಸಂಗತಿಗಳಿಗೆ, ಉದಾಹರಣೆಗೆ ಬೇರೆಯವರ ರೇಸ್ ಮೇಲೆ ಮತ್ತೊಂದು ರೇಸ್ ಎಷ್ಟು ಸಲ ಹಾಕುತ್ತಾನೆ ಎಂಬುದಕ್ಕೆ, ನೂರಾರು ಆಟ ಬೇಕು. ಮೂರು ಸಲ ನೋಡಿ ‘ಇವ ಸುಳ್ಳ’ ಎಂದು ತೀರ್ಪು ಕೊಡುವವರೇ ಹೆಚ್ಚು ಸೋಲುವುದು.

ಶೋಡೌನ್ ಮಾತ್ರ ಬೇರೆ. ಅಲ್ಲಿ ಎಲೆ ಕಣ್ಣಿಗೆ ಬೀಳುತ್ತದೆ. ಒಂದು ಶೋಡೌನ್ ಹತ್ತು ಊಹೆಗೆ ಸಮ. ಎಲೆ ತೆರೆದ ಕೂಡಲೇ ಆ ಆಟವನ್ನು ಹಿಂದಕ್ಕೆ ಓಡಿಸಿ: ಈ ಎಲೆಗೆ ಫ್ಲಾಪ್‌ನಲ್ಲಿ ಎಷ್ಟು ಕಟ್ಟಿದ್ದ, ಟರ್ನ್‌ನಲ್ಲಿ ಎಷ್ಟು, ರಿವರ್‌ನಲ್ಲಿ ಎಷ್ಟು? ಹೆಚ್ಚಿನ ಆ್ಯಪ್‌ಗಳಲ್ಲಿ ‘ಹ್ಯಾಂಡ್ ಹಿಸ್ಟರಿ’ ಎಂಬ ಗುಂಡಿ ಇರುತ್ತದೆ, ಹಿಂದಿನ ಆಟಗಳು ಅದರಲ್ಲಿ ಸಿಗುತ್ತವೆ.

ಬೆಟ್‌ನ ಗಾತ್ರ ಏನು ಹೇಳುತ್ತದೆ?

ಚಿಪ್ಸ್‌ನ ಸಂಖ್ಯೆ ನೋಡಬೇಡಿ, ಪಾಟ್‌ನ ಎಷ್ಟನೇ ಪಾಲು ಎಂದು ನೋಡಿ. 800 ಚಿಪ್ಸ್ 1000ದ ಪಾಟ್‌ನಲ್ಲಿ ದೊಡ್ಡ ಮಾತು, 8000ದ ಪಾಟ್‌ನಲ್ಲಿ ಪಿಸುಮಾತು.

ಫ್ಲಾಪ್‌ಗೆ ಮುಂಚೆ ಸಾಮಾನ್ಯ ರೇಸ್ ಬಿಗ್ ಬ್ಲೈಂಡ್‌ನ ಎರಡೂವರೆಯಿಂದ ಮೂರರಷ್ಟು. ಸದಾ 3 ಪಟ್ಟು ಕಟ್ಟುವವನು ಒಮ್ಮೆಲೇ 6 ಪಟ್ಟು ಕಟ್ಟಿದರೆ ಅವನ ಕೈಯಲ್ಲಿ ಬಹುಶಃ ಗುಲಾಮನ ಜೋಡಿ, ಹತ್ತರ ಜೋಡಿ ಅಥವಾ ಎಕ್ಕ-ರಾಜ ಇರುತ್ತದೆ. ಒಳ್ಳೆಯ ಎಲೆ, ಆದರೆ ಫ್ಲಾಪ್ ನೋಡಲು ಅವನಿಗೇ ಹೆದರಿಕೆ. ಎಕ್ಕದ ಜೋಡಿ ಸಿಕ್ಕಾಗ ಇದೇ ಮನುಷ್ಯ ‘ಓಡಿಹೋಗದಿರಲಿ’ ಎಂದು ಕನಿಷ್ಠ ರೇಸ್ ಮಾಡುತ್ತಾನೆ. ಎಲ್ಲರೂ ಹೀಗೇ ಎಂದಲ್ಲ. ಒಬ್ಬನಲ್ಲಿ ಎರಡು ಗಾತ್ರ ಕಂಡರೆ ಎರಡಕ್ಕೂ ಬೇರೆ ಅರ್ಥ ಇದ್ದೇ ಇರುತ್ತದೆ. ಯಾವುದಕ್ಕೆ ಯಾವುದು ಎಂದು ಶೋಡೌನ್ ಹೇಳುತ್ತದೆ.

ಫ್ಲಾಪ್ ಆದ ಮೇಲೆ, ರೇಸ್ ಮಾಡಿದವನು ಮಾತಾಡುವ ಮುಂಚೆಯೇ ಕಾಲ್ ಮಾಡಿ ಬಂದವನು ಪಾಟ್‌ನ ಹತ್ತನೇ ಒಂದು ಪಾಲು ಕಟ್ಟಿದರೆ, ಅದು ‘ದಯವಿಟ್ಟು ಹೆಚ್ಚು ಕೇಳಬೇಡಿ’ ಎಂಬ ಅರ್ಜಿ. ಸಣ್ಣ ಜೋಡಿ ಅಥವಾ ಇನ್ನೂ ಕೂಡಿಬರದ ಫ್ಲಶ್. ಅಗ್ಗಕ್ಕೆ ಮುಂದಿನ ಎಲೆ ನೋಡುವುದು ಅವನ ಆಸೆ. ನಿಮ್ಮಲ್ಲಿ ಮೇಲಿನ ಜೋಡಿ (ಬೋರ್ಡ್‌ನ ಅತಿ ದೊಡ್ಡ ಎಲೆಯ ಜೋಡಿ) ಇದ್ದರೆ ಪಾಟ್‌ನಷ್ಟು ಹತ್ತಿರ ರೇಸ್ ಮಾಡಿ, ಅವನು ಅಗ್ಗದ ದರದಲ್ಲಿ ಎಲೆ ನೋಡದಂತಾಗುತ್ತದೆ. ಫ್ಲಶ್‌ಗೆ ಒಂದು ಎಲೆ ಬೇಕಿರುವವನಿಗೆ ಮುಂದಿನ ಎಲೆಯಲ್ಲಿ ಅದು ಸಿಗುವ ಸಾಧ್ಯತೆ 47ರಲ್ಲಿ 9, ಸುಮಾರು ಶೇ 19. ಅರ್ಧ ಪಾಟ್ ಬೆಟ್‌ಗೆ ಕಾಲ್ ಮಾಡಬೇಕಾದರೆ ಶೇ 25 ಗೆಲುವು ಬೇಕು, ಪೂರ್ತಿ ಪಾಟ್‌ಗೆ ಶೇ 33. ಹತ್ತನೇ ಒಂದು ಪಾಲಿಗೆ ಶೇ 8 ಸಾಕು. ಅವನು ಆ ಲೆಕ್ಕ ಮಾಡಿರುವುದಿಲ್ಲ, ಆದರೆ ಅವನ ಕೈ ಅದನ್ನೇ ಮಾಡುತ್ತಿರುತ್ತದೆ.

ಆ್ಯಪ್‌ನ ಗುಂಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೊಬೈಲ್‌ನಲ್ಲಿ ‘ಅರ್ಧ ಪಾಟ್’, ‘ಪಾಟ್’ ಗುಂಡಿಗಳು ಹೆಬ್ಬೆರಳಿಗೆ ಸಿಗುವಂತಿರುತ್ತವೆ. ಅವನ್ನು ಒತ್ತಿದ್ದರಲ್ಲಿ ವಿಶೇಷ ಹುಡುಕಬೇಡಿ. 1870ರಂಥ ಒಡ್ಡೊಡ್ಡಾದ ಸಂಖ್ಯೆ ಬಂದರೆ ಅವನು ಸ್ಲೈಡರ್ ಎಳೆದು ಯೋಚಿಸಿ ನಿಲ್ಲಿಸಿದ್ದಾನೆ ಎಂದರ್ಥ.

ರಿವರ್‌ನ ದೊಡ್ಡ ಬೆಟ್ ಬಗ್ಗೆ ಒಂದೇ ಮಾತು: ಅಷ್ಟು ಹೊತ್ತು ಸುಮ್ಮನೆ ಕಾಲ್ ಮಾಡಿಕೊಂಡು ಬಂದವನು ಕೊನೆಗೆ ತಾನಾಗಿ ಪಾಟ್‌ನ ಮುಕ್ಕಾಲು ಭಾಗ ಕಟ್ಟಿದರೆ ನಂಬಿ.

ಬರೀ ಮಾತಾಯ್ತು. ಒಂದು ಆಟ ಪೂರ್ತಿ ಬಿಡಿಸಿ ತೋರಿಸ್ರಿ.

ಬ್ಲೈಂಡ್ 50-100, ಆರು ಜನ, ಎಲ್ಲರ ಬಳಿ 10,000. ಎರಡನೇ ಸ್ಥಾನದಲ್ಲಿರುವವನು ಬರೀ 100 ಹಾಕಿ ಬರುತ್ತಾನೆ. ಅವನನ್ನು 60 ಆಟ ನೋಡಿದ್ದೀರಿ: 31 ಸಲ ಒಳಗೆ ಬಂದಿದ್ದಾನೆ, ರೇಸ್ ಎರಡೇ ಸಲ. ಎರಡು ಶೋಡೌನ್, ಎರಡರಲ್ಲೂ ಒಂದೇ ಜೋಡಿ ಹಿಡಿದು ಕೊನೆಯವರೆಗೆ ಕಾಲ್. ತಾನಾಗಿ ದೊಡ್ಡ ಬೆಟ್ ಕಟ್ಟಿದ್ದು ಒಮ್ಮೆಯೂ ಇಲ್ಲ.

ನೀವು ಬಟನ್‌ನಲ್ಲಿ (ಫ್ಲಾಪ್‌ನಿಂದ ಮುಂದೆ ಕೊನೆಗೆ ಮಾತಾಡುವ ಜಾಗ) ಕಳಾವರ ಎಕ್ಕ, ಡೈಮಂಡ್ ರಾಣಿ ಹಿಡಿದು 450ಕ್ಕೆ ರೇಸ್ ಮಾಡುತ್ತೀರಿ. ಬ್ಲೈಂಡ್ ಇಬ್ಬರೂ ಬಿಡುತ್ತಾರೆ, ಅವನು ಕಾಲ್. ಪಾಟ್ 1050.

ಫ್ಲಾಪ್: ಇಸ್ಪೀಟು ರಾಣಿ, ಆಟೀನು 8, ಇಸ್ಪೀಟು 3. ಅವನು ಚೆಕ್. ನೀವು 600. ಅವನು ಕಾಲ್. ಪಾಟ್ 2250. ಅವನ ಕಾಲ್ ಏನೂ ಹೇಳುವುದಿಲ್ಲ, ಎಲ್ಲದಕ್ಕೂ ಕಾಲ್ ಮಾಡುವವನೇ. ರಾಣಿ ಇರಬಹುದು, 8 ಇರಬಹುದು, ಎರಡು ಇಸ್ಪೀಟು ಇರಬಹುದು.

ಟರ್ನ್: ಡೈಮಂಡ್ 5. ಚೆಕ್. ನೀವು 1400. ಕಾಲ್. ಪಾಟ್ 5050. ಇಲ್ಲಿ ಹೆದರಿ ಚೆಕ್ ಮಾಡುವುದು ಸಾಮಾನ್ಯ ತಪ್ಪು. ಕಡಿಮೆ ಎಲೆಗೂ ಚಿಪ್ಸ್ ಕೊಡುವವನಿಂದ ಇಸಿದುಕೊಳ್ಳಬೇಕಾದ ಹೊತ್ತು ಇದೇ.

ರಿವರ್: ಇಸ್ಪೀಟು 2. ಈಗ ಅವನು ಚೆಕ್ ಮಾಡದೆ ತಾನೇ 4000 ಕಟ್ಟುತ್ತಾನೆ.

ನೀವು 4000 ಹಾಕಿದರೆ ಒಟ್ಟು ಪಾಟ್ 13,050. ಮೂರರಲ್ಲಿ ಒಂದು ಸಲಕ್ಕೆ ಸ್ವಲ್ಪ ಕಡಿಮೆ, ಶೇ 31ರಷ್ಟು, ನೀವು ಮುಂದಿರಬೇಕು. ನೀವು ಸೋಲಿಸಬಲ್ಲ ರಾಣಿಗಳನ್ನು ಎಣಿಸಿ: ಬೋರ್ಡ್‌ನಲ್ಲಿ ಒಂದು, ನಿಮ್ಮಲ್ಲಿ ಒಂದು, ಹೊರಗೆ ಎರಡೇ. ರಾಜ-ರಾಣಿ 8 ಕೂಟ, ರಾಣಿ-ಗುಲಾಮ 8, ರಾಣಿ-ಹತ್ತು 8, ಒಟ್ಟು 24. ಇಸ್ಪೀಟು ಹೊರಗೆ ಹತ್ತು ಎಲೆ, ಅವುಗಳಿಂದ ಎರಡೆರಡರ 45 ಕೂಟ. ಎಲ್ಲವನ್ನೂ ಅವನು ಆಡಿರಲಿಕ್ಕಿಲ್ಲ, ಆದರೆ 60ರಲ್ಲಿ 31 ಆಟಕ್ಕೆ ಬರುವವನು ಒಂದೇ ಜಾತಿಯ ಎಲೆಗಳನ್ನು ಬಿಡುವುದು ಕಡಿಮೆ.

ಬರೀ ಎಣಿಕೆ ನೋಡಿದರೆ ಕಾಲ್ ಮಾಡಬಹುದು ಎನಿಸುತ್ತದೆ: ಒಟ್ಟು 69ರಲ್ಲಿ 24, ಶೇ 35ರ ಹತ್ತಿರ. ಅಭ್ಯಾಸ ಓದಿದವನಿಗೂ ಓದದವನಿಗೂ ವ್ಯತ್ಯಾಸ ಆಗುವುದು ಇಲ್ಲಿಯೇ. ಆ 24 ಕೂಟ ಹಿಡಿದಿದ್ದರೆ ಅವನು 4000 ಕಟ್ಟುತ್ತಿರಲಿಲ್ಲ, ಚೆಕ್ ಮಾಡಿ ನೀವು ಕಟ್ಟಿದ್ದಕ್ಕೆ ಕಾಲ್ ಮಾಡುತ್ತಿದ್ದ. ಒಂದು ಜೋಡಿಗೆ ಅವನು ಹಾಗೆಯೇ ಆಡಿದ್ದನ್ನು ಎರಡು ಸಲ ನೋಡಿದ್ದೀರಿ. ಮೂರನೇ ಇಸ್ಪೀಟು ಬಿದ್ದ ಕ್ಷಣಕ್ಕೆ ಅವನ ರೂಢಿ ಮುರಿಯಿತು. ಎಲೆ ಬಿಡಿ.

ಅದೇ ಅವನು 4000 ಬದಲು 500 ಕಟ್ಟಿದ್ದರೆ? 6050ರ ಪಾಟ್‌ಗೆ 500, ಶೇ 8 ಸಾಕು. ಕಣ್ಣುಮುಚ್ಚಿ ಕಾಲ್, ರೇಸ್ ಬೇಡ. ಎಲ್ಲ ಆಟಕ್ಕೂ ರೇಸ್ ಮಾಡಿ ಮೂರು ಸುತ್ತೂ ಹೊಡೆಯುವವನು ಇದೇ 4000 ಕಟ್ಟಿದ್ದರೆ? ಆಗ ಕಾಲ್. ಎಲೆ ಅವೇ, ಚಿಪ್ಸ್ ಅಷ್ಟೇ, ಮನುಷ್ಯ ಬೇರೆ.

ಒಬ್ಬಾಂವ ಪ್ರತಿ ಆಟಕ್ಕ ಆಲ್-ಇನ್ ಹೊಡೀತಾನ್ರಿ. ಹ್ಯಾಂಗ ಆಡ್ಬೇಕು?

ಮೊದಲು ಇದು ಚಟವೋ ನಿಜವಾಗಿ ಎಲೆ ಬರುತ್ತಿವೆಯೋ ಎಂದು ನೋಡಿ. ಹತ್ತರಿಂದ ಎಕ್ಕದವರೆಗಿನ ಐದೂ ಜೋಡಿ ಮತ್ತು ಎಕ್ಕ-ರಾಜ ಸೇರಿಸಿದರೂ 1326 ಕೂಟಗಳಲ್ಲಿ 46 ಮಾತ್ರ, ಶೇ 3.5. ಐದು ಆಟದಲ್ಲಿ ನಾಲ್ಕು ಸಲ ಆಲ್-ಇನ್ ಒತ್ತಿದವನಿಗೆ ಅಷ್ಟೂ ಸಲ ಇವೇ ಬಂದಿವೆ ಎಂದು ನಂಬಲಾಗದು.

ಅವನ ಎಡಕ್ಕೆ, ಅಂದರೆ ಅವನ ನಂತರ ಮಾತಾಡುವ ಜಾಗದಲ್ಲಿ ಕುಳಿತುಕೊಳ್ಳಿ. ಯಾವುದೋ ಎರಡು ಎಲೆಗೆ ಎದುರಾಗಿ ಏಳರ ಜೋಡಿ ಸುಮಾರು ಶೇ 66 ಗೆಲ್ಲುತ್ತದೆ, ಎಕ್ಕ-ಗುಲಾಮ ಸುಮಾರು 64, ಎಕ್ಕದ ಜೋಡಿ 85. ಇಂಥವಕ್ಕೆ ಕಾಯಿರಿ. ನಿಮ್ಮ ಹಿಂದೆ ಇನ್ನೂ ಮೂರ್ನಾಲ್ಕು ಜನ ಮಾತಾಡಬೇಕಿದ್ದರೆ ಸ್ವಲ್ಪ ಬಿಗಿಯಾಗಿ, ಒಂಬತ್ತರ ಜೋಡಿ, ಎಕ್ಕ-ರಾಣಿಯಿಂದ ಮೇಲೆ ಇರಲಿ, ಯಾಕೆಂದರೆ ನಿಜವಾದ ಎಲೆ ಅವನಲ್ಲಲ್ಲ, ಅವರಲ್ಲಿರಬಹುದು. ಎಕ್ಕದ ಜೋಡಿಗೂ ನೂರರಲ್ಲಿ ಹದಿನೈದು ಸೋಲಿದೆ. ಆ ಹದಿನೈದರಲ್ಲಿ ಒಂದು ಬಂದ ಕೂಡಲೇ ‘ಆ್ಯಪ್ ಸೆಟ್ಟಿಂಗ್ ಮಾಡ್ಯಾರ’ ಎನ್ನುವವರಿಗೆ ಉತ್ತರವಿಲ್ಲ.

ಉತ್ತರ ಕೊಡಲು ತೆಗೆದುಕೊಳ್ಳುವ ಸಮಯದಿಂದ ಏನಾದರೂ ತಿಳಿಯುತ್ತದೆಯೇ?

ತಿಳಿಯುತ್ತದೆ, ಆದರೆ ನಮ್ಮ ಭಾಗದಲ್ಲಿ ಇದನ್ನು ಅರ್ಧ ಮಾತ್ರ ನಂಬಿ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋಗಿ ವೈಫೈ ಸತ್ತು, ಫೋನು ಮೊಬೈಲ್ ಡೇಟಾಕ್ಕೆ ಹಾರುವಷ್ಟರಲ್ಲಿ ಹತ್ತು ಸೆಕೆಂಡ್ ಹೋಗಿರುತ್ತದೆ. ಸುರಪುರದ ಹಳ್ಳಿಯೊಂದರಲ್ಲಿ ಒಂದೇ ಗೆರೆ ನೆಟ್‌ವರ್ಕ್‌ನಲ್ಲಿ ಆಡುವವನು ಆಳವಾಗಿ ಚಿಂತಿಸುತ್ತಿದ್ದಾನೆ ಎಂದುಕೊಂಡರೆ ನೀವೇ ಮೋಸ ಹೋಗುತ್ತೀರಿ. ಎಲೆ ಬಿಡುವಾಗಲೂ ಅಷ್ಟೇ ತಡ ಮಾಡುತ್ತಾನೋ ನೋಡಿ. ಮಾಡಿದರೆ ಅದು ನೆಟ್‌ವರ್ಕ್.

ನೆಟ್ ಚೆನ್ನಾಗಿರುವವನ ಬಗ್ಗೆ: ಕಣ್ಣು ಮಿಟುಕಿಸುವುದರೊಳಗೆ ಬರುವ ಚೆಕ್ ಬಹುಪಾಲು ಮುಂಚೆಯೇ ‘ಚೆಕ್/ಫೋಲ್ಡ್’ ಚೌಕಕ್ಕೆ ಗುರುತು ಹಾಕಿದ್ದು. ಅವನು ಹೊಸ ಎಲೆ ನೋಡುವ ಮೊದಲೇ ಆಸೆ ಬಿಟ್ಟಿದ್ದಾನೆ, ಅರ್ಧ ಪಾಟ್ ಕಟ್ಟಿ ತೆಗೆದುಕೊಳ್ಳಿ. ಫ್ಲಾಪ್‌ನಲ್ಲಿ ತಟ್ಟನೆ ಬರುವ ಕಾಲ್ ಸಾಮಾನ್ಯವಾಗಿ ನಡುಜೋಡಿ ಅಥವಾ ಫ್ಲಶ್‌ನ ಆಸೆ. ಬಲವಾದ ಎಲೆ ಇದ್ದವನು ರೇಸ್ ಮಾಡಲೋ ಬೇಡವೋ ಎಂದು ಒಂದೆರಡು ಸೆಕೆಂಡ್ ಯೋಚಿಸಿಯೇ ಯೋಚಿಸುತ್ತಾನೆ. ಬಹಳ ಹೊತ್ತು ಕಾಯಿಸಿ ಆಮೇಲೆ ರಿವರ್‌ನಲ್ಲಿ ರೇಸ್ ಹಾಕಿದರೆ ಅದು ನಾಟಕ. ಎಲೆ ಭಾರೀ ಇದೆ.

ಬ್ಲಫ್ ಯಾರಿಗೆ ಮಾಡಬೇಕು?

ಎಲೆ ಬಿಡಬಲ್ಲವನಿಗೆ ಮಾತ್ರ. ಅರ್ಧ ಪಾಟ್ ಕಟ್ಟಿದ ಬ್ಲಫ್ ಮೂರರಲ್ಲಿ ಒಂದು ಸಲ ಗೆದ್ದರೆ ಸರಿಸಮ, ಪೂರ್ತಿ ಪಾಟ್‌ನದು ಎರಡರಲ್ಲಿ ಒಂದು ಸಲ. ಜೋಡಿಯಲ್ಲದ ಎರಡು ಎಲೆ ಹಿಡಿದವನಿಗೆ ಫ್ಲಾಪ್‌ನಲ್ಲಿ ಮೂರರಲ್ಲಿ ಎರಡು ಸಲ ಜೋಡಿಯೂ ಸಿಕ್ಕಿರುವುದಿಲ್ಲ. ಆದ್ದರಿಂದ ಒಬ್ಬನೇ ಎದುರಿದ್ದು, ಅವನು ಬಿಗಿಯಾದವನಾಗಿದ್ದರೆ ಫ್ಲಾಪ್‌ನ ಒಂದು ಸಣ್ಣ ಬೆಟ್ ಲಾಭದ್ದೇ. ಎದುರಿಗೆ ಮೂವರಿದ್ದರೆ, ಅಥವಾ ಶೋ ನೋಡುವ ಚಟದವನು ಒಬ್ಬನಿದ್ದರೂ, ಬ್ಲಫ್ ಮರೆತುಬಿಡಿ.

ಟಿಪ್ಪಣಿ ಹೇಗೆ ಬರೆದಿಡಬೇಕು?

ಬೈಗುಳ ಬರೆಯಬೇಡಿ. ‘ಪೆದ್ದ’, ‘ಹುಚ್ಚ’, ‘ಲಕ್ಕಿ’ ಎಂದು ಬರೆದದ್ದು ಮುಂದಿನ ವಾರ ಉಪಯೋಗಕ್ಕೆ ಬರುವುದಿಲ್ಲ. ಕಂಡದ್ದನ್ನು ಬರೆಯಿರಿ: ‘60 ಆಟ, 31 ಒಳಗೆ, 2 ರೇಸ್. ರಿವರ್ ಮುಕ್ಕಾಲು ಪಾಟ್, ತೋರಿಸಿದ್ದು ಫ್ಲಶ್. 8ರ ಜೋಡಿಗೆ ಮೂರು ಸುತ್ತು ಕಾಲ್.’ ಎಷ್ಟರಲ್ಲಿ ಎಷ್ಟು ಎಂಬುದು ಇರಲೇಬೇಕು. ‘2ರಲ್ಲಿ 2’ ಮತ್ತು ‘20ರಲ್ಲಿ 20’ ಒಂದೇ ಅಲ್ಲ. ನೋಡಿದ್ದು ರಾತ್ರಿ ಹನ್ನೊಂದರ ನಂತರವೋ, ಅವನು ದೊಡ್ಡ ಪಾಟ್ ಸೋತ ಮೇಲೋ ಎಂಬುದನ್ನೂ ಹಾಕಿ. ಸೋತ ಸಿಟ್ಟಿನಲ್ಲಿ ಹತ್ತು ನಿಮಿಷ ಆಡಿದ ಆಟ ಅವನ ನಿತ್ಯದ ಆಟವಲ್ಲ.

ಲೆಕ್ಕ ಹಾಕಿ ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರ್ ಬಳಸಬಹುದೇ?

ಆ್ಯಪ್‌ನ ನಿಯಮ ಓದಿ. ನಿಷೇಧವಿದ್ದಲ್ಲಿ ಬಳಸಿದರೆ ಖಾತೆ ಮುಚ್ಚುತ್ತಾರೆ. ಗೆಳೆಯರ ಖಾಸಗಿ ಟೇಬಲ್‌ಗೆ ಕಾಗದ-ಪೆನ್ನು ಸಾಕು.

ನನ್ನನ್ನೇ ಯಾರಾದರೂ ಹೀಗೆ ಓದುತ್ತಿದ್ದರೆ?

ಗೆಳೆಯರ ಗುಂಪಿನಲ್ಲಿ ಖಂಡಿತ ಓದುತ್ತಿರುತ್ತಾರೆ, ವಾರಕ್ಕೆ ಮೂರು ಸಲ ಅದೇ ಆರು ಜನ. ಸುಲಭದ ಮದ್ದು: ಫ್ಲಾಪ್‌ಗೆ ಮುಂಚಿನ ರೇಸ್ ಯಾವ ಎಲೆಗಾದರೂ ಒಂದೇ ಗಾತ್ರ ಇರಲಿ, ಫ್ಲಾಪ್‌ನಲ್ಲೂ ಬೆಟ್‌ಗೆ ಒಂದೇ ಗಾತ್ರ ಇಟ್ಟುಕೊಳ್ಳಿ. ಪ್ರತಿ ನಿರ್ಧಾರಕ್ಕೂ ಮನಸ್ಸಿನಲ್ಲಿ ಮೂರು ಎಣಿಸಿ ಒತ್ತಿ. ಮತ್ತೆ, ಎಲ್ಲರೂ ಎಲೆ ಬಿಟ್ಟ ಮೇಲೆ ‘ನೋಡ್ರಿ ಬ್ಲಫ್ ಮಾಡಿದ್ದೆ’ ಎಂದು ತೋರಿಸುವ ಖಯಾಲಿ ಬಿಡಿ. ಆ ಒಂದು ನಗುವಿಗೆ ಮುಂದಿನ ತಿಂಗಳಿಡೀ ಬೆಲೆ ಕೊಡಬೇಕಾಗುತ್ತದೆ.

ಇಬ್ಬರು ಗೆಳೆಯರು ಒಂದೇ ಟೇಬಲ್‌ನಲ್ಲಿ ಫೋನ್‌ನಲ್ಲಿ ಎಲೆ ಹೇಳಿಕೊಂಡು ಆಡಿದರೆ ಗೊತ್ತಾಗುತ್ತದೆಯೇ?

ಕೆಲವು ಸಲ. ಒಬ್ಬ ರೇಸ್ ಮಾಡಿದಾಗಲೆಲ್ಲ ಇನ್ನೊಬ್ಬ ಮರು ರೇಸ್ ಮಾಡಿ, ನಡುವೆ ಸಿಕ್ಕವರು ಎಲೆ ಬಿಟ್ಟ ಕೂಡಲೇ ಇಬ್ಬರೂ ಚೆಕ್ ಮಾಡಿಕೊಳ್ಳುತ್ತಾ ಹೋದರೆ ಅನುಮಾನಪಡಿ. ಅವರಿಬ್ಬರ ನಡುವೆ ದೊಡ್ಡ ಪಾಟ್ ನಡೆದದ್ದೇ ಇಲ್ಲ ಎಂದರೂ ಅನುಮಾನಪಡಿ. ಸಾಬೀತು ಮಾಡಲು ಹೋಗಬೇಡಿ, ಟೇಬಲ್ ಬದಲಿಸಿ.

ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರು ‘ಕ್ಲಬ್’ಗೆ ಸೇರಿಸಿ ಚಿಪ್ಸ್ ಮಾರುತ್ತೇನೆ, ಗೆದ್ದರೆ ಯುಪಿಐನಲ್ಲಿ ವಾಪಸ್ ಕೊಡುತ್ತೇನೆ ಎನ್ನುತ್ತಾರೆ. ಚಿಪ್ಸ್ ಅಂದರೆ ಚಿಪ್ಸೇ ಅಲ್ಲವೇ?

ಅಲ್ಲ. ರೊಕ್ಕ ಕೊಟ್ಟು ಚಿಪ್ಸ್ ಪಡೆದು, ಗೆದ್ದ ಚಿಪ್ಸ್‌ಗೆ ರೊಕ್ಕ ಸಿಗುವುದಾದರೆ ಅದು ಹಣದ ಆಟವೇ, ಆ್ಯಪ್‌ನ ಮೇಲೆ ‘ಪುಕ್ಕಟೆ’ ಎಂದು ಬರೆದಿದ್ದರೂ ಸರಿ. ಅಂಥ ಕ್ಲಬ್‌ನಲ್ಲಿ ಎದುರಿಗಿರುವ ಐವರಲ್ಲಿ ಎಷ್ಟು ಜನ ಆ ಏಜೆಂಟನ ಕಡೆಯವರು ಎಂಬುದು ನಿಮಗೆ ಕಾಣುವುದಿಲ್ಲ, ಬೆಟ್ ಗಾತ್ರ ಓದಿ ಅದನ್ನು ಕಂಡುಹಿಡಿಯಲೂ ಆಗದು. ನಂಬರ್ ಬ್ಲಾಕ್ ಮಾಡಿ. ಈಗಾಗಲೇ ಹಣ ಹಾಕಿ ಸಿಕ್ಕಿಬಿದ್ದಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ಹಣ ವಂಚನೆಗೆ ಇರುವ ಸಹಾಯವಾಣಿ ಅದು. ಹಣ ಹೋದ ಖಾತೆಯ ವಿವರ, ಯುಪಿಐ ವ್ಯವಹಾರದ ಸಂಖ್ಯೆ, ದಿನಾಂಕ ಕೈಯಲ್ಲಿಟ್ಟುಕೊಂಡು ಕರೆ ಮಾಡಿ, ವಾಟ್ಸ್‌ಆ್ಯಪ್ ಮಾತುಕತೆ ಅಳಿಸಬೇಡಿ.